ಕಾಯಿ ಬಿಡದ ಮರದ ಯಜಮಾನರು

ದೊನ್ ಇಲಾರಿಯೋನ್ ಎಕೀವಾ ಅವರ ಕೋಟಿನ ಬಲಜೇಬು ಎಡಜೇಬಿಗಿಂತ ನಾಲ್ಕು ಬೆರಳು ಕೆಳಕ್ಕೆ ಜೋಲುತ್ತದೆ. ಅದರೊಳಗೆ ಸದಾ ನಾಲ್ಕೋ ಐದೋ ಬೆಣ್ಣೆಹಣ್ಣಿನ ಗೊರಟೆಗಳಿರುತ್ತವೆ. ಆ ಭಾರಕ್ಕೆ ಬಲಭುಜ ತಗ್ಗಿ, ಎಡಭುಜ ಏರಿ, ಅವರು ಬೀದಿಯಲ್ಲಿ ಬರುತ್ತಿದ್ದರೆ ಕಣ್ಣಿಗೆ ಕಾಣದ ಯಾರೋ ಅವರ ಬಲಗೈ ಹಿಡಿದು ಪಕ್ಕಕ್ಕೆ ಎಳೆಯುತ್ತಿರುವಂತೆ ತೋರುತ್ತದೆ. ಕಂದು ಬಣ್ಣದ ಆ ಉಣ್ಣೆಯ ಕೋಟನ್ನು ಅವರು ಮದುವೆಗೂ ಹಾಕುತ್ತಾರೆ, ಮಣ್ಣಿಗೂ ಹಾಕುತ್ತಾರೆ, ಎರಡು ಕಡೆಯಿಂದಲೂ ಗೊರಟೆ ತರುತ್ತಾರೆ. ಊಟ ಮುಗಿಯುತ್ತಲೇ ಮೇಜಿನ ಸುತ್ತ ನಡೆದು, ಒಬ್ಬೊಬ್ಬರ ತಟ್ಟೆಯ ಅಂಚಿನಿಂದಲೂ ಗೊರಟೆಯನ್ನು ಎರಡು ಬೆರಳಲ್ಲಿ ಎತ್ತಿ, ಕರವಸ್ತ್ರದಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಇಳಿಸುವ ಅವರ ಗಾಂಭೀರ್ಯವನ್ನು ಕಂಡ ಹೊಸಬರು, ಇದು ಊರಿನ ಯಾವುದೋ ಧಾರ್ಮಿಕ ವಿಧಿಯಿರಬೇಕೆಂದು ಎದ್ದು ನಿಂತದ್ದೂ ಉಂಟು. ನನ್ನ ಗಂಡನ ತಿಥಿಯೂಟದಲ್ಲಿ ಅವರು ಹನ್ನೊಂದು ಗೊರಟೆ ಸಂಗ್ರಹಿಸಿದರು. ನಾನು ಅಳುತ್ತಿದ್ದೆ, ಆದರೂ ಎಣಿಸಿದೆ.

ನಾನು ಅವರ ಪಕ್ಕದ ಮನೆಯವಳು. ಮೂವತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಅವರ ಒಬ್ಬಳೇ ಮಗಳು ಅಂಪಾರೊಳ ಜ್ಞಾನಸ್ನಾನದಂದು ಧರ್ಮಮಾತೆಯಾಗಿ ನಿಂತವಳು. ಈ ಮೂರನೆಯದೇ ನನ್ನ ಬಾಯಿಗೆ ಬಿದ್ದ ಬೀಗ. ಮಗುವಿಗೆ ಧರ್ಮಮಾತೆಯಾದವಳು ಅದರ ತಂದೆಗೆ ಕೊಮಾದ್ರೆ, ಆತ ಅವಳಿಗೆ ಕೊಂಪಾದ್ರೆ. ಒಡಹುಟ್ಟಿದವರು ಬೇಕಾದರೆ ಕೋರ್ಟು ಮೆಟ್ಟಿಲು ಹತ್ತಲಿ, ಕೊಂಪಾದ್ರೆ ಕೊಮಾದ್ರೆಯರು ಒಬ್ಬರ ಮೇಲೊಬ್ಬರು ದನಿಯೇರಿಸುವಂತಿಲ್ಲ; ಹಾಗೆ ಮಾಡಿದವರ ಪಾಪವನ್ನು ಪಾದ್ರಿ ಕೂಡ ಸುಲಭಕ್ಕೆ ಕ್ಷಮಿಸುವುದಿಲ್ಲ. ಇಪ್ಪತ್ತಾರು ವರ್ಷ ಆ ಮನುಷ್ಯರ ಮೇಲಿನ ಸಿಟ್ಟನ್ನೆಲ್ಲ ನಾನು ‘ನೀವು’, ‘ತಾವು’ ಎನ್ನುತ್ತಲೇ ನುಂಗಿಕೊಂಡು ಬಂದಿದ್ದೇನೆ.

ವೃತ್ತಿಯಿಂದ ಅವರು ಗಡಿಯಾರ ರಿಪೇರಿಯವರು. ನಮ್ಮೂರು ಉರುವಾಪಾನಿನ ಮಾರುಕಟ್ಟೆಯ ಹಿಂಬದಿಯಲ್ಲಿ, ಒಬ್ಬರು ಕುಳಿತರೆ ಇನ್ನೊಬ್ಬರಿಗೆ ನಿಲ್ಲಲೂ ಎಡೆಯಿಲ್ಲದ ಅಂಗಡಿ. ‘ನಾಳೆ ಬನ್ನಿ’ ಎಂದ ಗಡಿಯಾರ ಮುಂದಿನ ಕ್ರಿಸ್ಮಸ್ಸಿಗೆ ಕೈಸೇರಿದರೆ ಗಿರಾಕಿಯ ಪುಣ್ಯ. ವಿಚಾರಿಸಲು ಹೋದವರ ಕಡೆಗೆ, ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ತಲೆಯೆತ್ತಿ, ಅವರು ಹೇಳುವುದು ಒಂದೇ ಮಾತು: “ಅವಸರ ಯಾಕೆ? ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಿದಾರಾ?” ಗಂಟೆಗೆ ಹತ್ತು ಸಲ ಹೇಳುತ್ತಾರೆ, ಬಸ್ಸಿನ ಕಂಡಕ್ಟರಿಗೂ ಹೇಳುತ್ತಾರೆ, ಹೆರಿಗೆಯ ನೋವು ತಿನ್ನುತ್ತಿದ್ದ ಹೆಂಡತಿಗೂ ಹೇಳಿದ್ದರಂತೆ. ನನ್ನ ಕೈಗಡಿಯಾರ ಆ ಅಂಗಡಿಯಲ್ಲಿ ಇಡೀ ಒಂದು ಶಾಲಾವರ್ಷ ಕಳೆಯಿತು. ಆ ವರ್ಷ ನಾನು ಮಕ್ಕಳ ಆಕಳಿಕೆಯಿಂದ ಹೊತ್ತನ್ನು ಅಂದಾಜು ಮಾಡಿ ಪಾಠ ಮುಗಿಸುತ್ತಿದ್ದೆ.

ಮನೆಯ ಕಿಟಕಿಗಳ ದಂಡೆಯ ಮೇಲೆಲ್ಲ ಲೋಟಗಳ ಸಾಲು. ಪ್ರತಿ ಲೋಟದ ಬಾಯಲ್ಲೂ ಒಂದು ಗೊರಟೆ, ಅದರ ಸೊಂಟಕ್ಕೆ ಚುಚ್ಚಿದ ಮೂರು ಹಲ್ಲುಕಡ್ಡಿ, ಬುಡ ಮಾತ್ರ ನೀರಿನಲ್ಲಿ. ಕಡ್ಡಿಗಳ ನಡುವಿನ ಅಂತರವನ್ನು ಅವರು ಗಡಿಯಾರದ ನಾಲ್ಕು, ಎಂಟು, ಹನ್ನೆರಡರ ಗುರುತಿಗೆ ಸರಿಯಾಗಿ ಅಳೆದು ಚುಚ್ಚುತ್ತಾರೆ. ಬೆಳಿಗ್ಗೆ ಎದ್ದು ಭೂತಗನ್ನಡಿ ಹಾಕಿಕೊಂಡು ಒಂದೊಂದು ಗೊರಟೆಯನ್ನೂ ವಿಚಾರಿಸಿಕೊಳ್ಳುವುದು ನಿತ್ಯಕರ್ಮ; ಸಿಪ್ಪೆ ಬಿರಿಯಿತೇ, ಬೇರು ಇಣುಕಿತೇ, ನೀರು ಹಳಸಿತೇ. ಎರಡು ತಿಂಗಳಾದರೂ ಮಿಸುಕದೆ ಕುಳಿತ ಗೊರಟೆಯನ್ನು ನಾವಾಗಿದ್ದರೆ ಎಸೆಯುತ್ತಿದ್ದೆವು, ಅವರು ಅದಕ್ಕೆ ಬಿಸಿಲು ಹೆಚ್ಚು ಬೀಳುವ ಕಿಟಕಿ ಹುಡುಕುತ್ತಾರೆ. ಅವರ ಹೆಂಡತಿ ದೊನ್ಯಾ ದೊಮಿತಿಲಾ ನನ್ನಲ್ಲಿ ಹೇಳಿಕೊಂಡು ಅತ್ತದ್ದಕ್ಕೆ ಲೆಕ್ಕವಿಲ್ಲ. “ಕೊಮಾದ್ರೆ, ಈ ಮನೇಲಿ ಯಾರಿಗೂ ಬಾಯಾರಿಕೆ ಆಗೋ ಹಾಗಿಲ್ಲ. ಯಾವ ಲೋಟಕ್ಕೆ ಕೈ ಹಾಕಿದ್ರೂ ಒಳಗೆ ಒಂದು ತಪಸ್ಸಿಗೆ ಕೂತಿರುತ್ತೆ.” ಆ ಮನೆಗೆ ಬಂದ ಅತಿಥಿಗಳು ಸಾರಿನ ಬಟ್ಟಲಲ್ಲಿ ನೀರು ಕುಡಿಯುತ್ತಾರೆ.

ಭಾನುವಾರದ ಊಟಕ್ಕೆ ಎರಡೂ ಮನೆಯವರು ಅವರ ಅಂಗಳದಲ್ಲಿ ಸೇರುವುದು ರೂಢಿ, ಬೆಣ್ಣೆಹಣ್ಣು ಜಜ್ಜಿ ಮಾಡುವ ಚಟ್ನಿ, ಗ್ವಾಕಮೋಲೆ, ಅವರ ಪಾಲಿನ ಕೆಲಸ. ಹಸಿದು ಕಂಗೆಟ್ಟ ಆರೆಂಟು ಜನರ ಎದುರಿಗೆ, ಅಜ್ಜಿಯಿಂದ ಬಂದ ಮೂರು ಕಾಲಿನ ಕಲ್ಲಿನ ಒರಳನ್ನು ಅವರು ದೇವರ ಮೂರ್ತಿಯಂತೆ ಎತ್ತಿ ತಂದು ಇಡುತ್ತಾರೆ. ಆಮೇಲೆ ಹಣ್ಣಿನ ಪರೀಕ್ಷೆ. ಅವರು ಎಲ್ಲರಂತೆ ಹೆಬ್ಬೆರಳಿನಿಂದ ಒತ್ತಿ ನೋಡುವವರಲ್ಲ. ಚಿಮಟದಿಂದ ತೊಟ್ಟನ್ನು ಕಿತ್ತು, ಭೂತಗನ್ನಡಿಯಲ್ಲಿ ಆ ಪುಟ್ಟ ಗುಳಿಯೊಳಗೆ ಇಣುಕಿ, ಹಸಿರು ಕಂಡರೆ ‘ನಾಳೆ’ ಎಂದು ಬದಿಗಿಟ್ಟು, ಕಂದು ಕಂಡರೆ ‘ನಿನ್ನೆ’ ಎಂದು ನಿಟ್ಟುಸಿರಿಟ್ಟು, ಎರಡರ ನಡುವಿನ ಹಳದಿಯನ್ನು ಹುಡುಕುವಷ್ಟರಲ್ಲಿ ದೊಮಿತಿಲಾ ಬೇಯಿಸಿಟ್ಟ ಜೋಳದ ರೊಟ್ಟಿ, ತೋರ್ತಿಯಾಗಳು, ಎರಡು ಸಲ ಆರಿರುತ್ತವೆ. ಮೊದಲು ಉಪ್ಪು, ಹಸಿಮೆಣಸು, ಈರುಳ್ಳಿ. ಅವು ನುಣ್ಣಗಾಗುವವರೆಗೂ ಹಣ್ಣು ಒರಳಿಗೆ ಇಳಿಯುವಂತಿಲ್ಲ. ಇಳಿದ ಮೇಲೆ ಅರೆಯುವಂತಿಲ್ಲ, ಜಜ್ಜಬೇಕು. ಜಜ್ಜಿದರೂ ಅಲ್ಲಲ್ಲಿ ಹೋಳು ಹೋಳಾಗಿಯೇ ಉಳಿಯಬೇಕು. ಕೊತ್ತಂಬರಿ ಸೊಪ್ಪನ್ನು ಕೈಯಿಂದಲೇ ಮುರಿಯಬೇಕು. ಒಮ್ಮೆ ಹೊಟ್ಟೆಯ ಸಂಕಟ ತಾಳದೆ ನಾನೇ ಒಂದು ನಿಂಬೆಹಣ್ಣು ಕೊಯ್ದು ಹಿಂಡಲು ಹೋದೆ. ಅವರು ಒರಳಿಗೆ ಅಡ್ಡವಾಗಿ ಎರಡೂ ಕೈ ಚಾಚಿ, “ಕೊಮಾದ್ರೆ, ಅದು ಹಣ್ಣು, ಗಾಯ ಅಲ್ಲ” ಎಂದರು.

ಇನ್ನು ಗೊರಟೆಯ ಜಗಳ. ಗ್ವಾಕಮೋಲೆ ಕಪ್ಪಾಗದಿರಲೆಂದು ಬಟ್ಟಲಿನ ನಡುವೆ ಒಂದು ಗೊರಟೆ ಇಡುವುದು ದೊಮಿತಿಲಾಳ ತವರಿನ ಪದ್ಧತಿ. ನನ್ನ ಮನೆಯಲ್ಲೂ ಅದೇ. ಅವಳು ಇಡುತ್ತಾಳೆ, ಇವರು ತೆಗೆದು ಒರೆಸಿ ಜೇಬಿಗೆ ಹಾಕುತ್ತಾರೆ. “ಕಪ್ಪಾಗುತ್ತೆ ಕಣೋ,” ಎನ್ನುತ್ತಾಳೆ ಅವಳು. “ಕಪ್ಪಾಗೋವರ್ಗೂ ಮಿಕ್ತು ಅಂದ್ರೆ ರುಚಿ ಇಲ್ಲ ಅಂತ ಅರ್ಥ,” ಎನ್ನುತ್ತಾರೆ ಇವರು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಈ ಸಂಭಾಷಣೆ ಒಂದು ಭಾನುವಾರವೂ ತಪ್ಪಿದ್ದನ್ನು ನಾನು ಕಾಣೆ. ನಿಜ ಹೇಳಬೇಕೆಂದರೆ, ಆ ಗ್ವಾಕಮೋಲೆ ಒಂದು ದಿನವೂ ಮಿಗಲಿಲ್ಲ, ಅದೇ ನನಗೆ ಇನ್ನಷ್ಟು ರೇಗಿಸುವ ವಿಷಯ.

ಇವೆಲ್ಲ ಸಹಿಸಬಹುದಾದ ಕಾಟಗಳು. ಸಹಿಸಲಾಗದ್ದು ಮರ.

ಅಂಪಾರೊಳ ಜ್ಞಾನಸ್ನಾನದ ಔತಣದಲ್ಲಿ, ಮಗು ನನ್ನ ಮಡಿಲಲ್ಲಿರುವಾಗ, ದೊನ್ ಇಲಾರಿಯೋನ್ ಎರಡು ಲೋಟ ಮದ್ಯ ಹೆಚ್ಚಾಗಿ ಕುರ್ಚಿಯ ಮೇಲೆ ಹತ್ತಿ ನಿಂತರು. ಕೈಯಲ್ಲಿ ಒಂದು ಗೊರಟೆ. “ಇದು ಮರ ಆಗುತ್ತೆ. ಆ ಮರದ ಹಣ್ಣಲ್ಲೇ ನನ್ನ ಮಗಳ ಮದುವೆ ಗ್ವಾಕಮೋಲೆ ಮಾಡ್ತೀನಿ. ಅಲ್ಲೀವರ್ಗೂ ಮದುವೆ ಇಲ್ಲ!” ಎಲ್ಲರೂ ಚಪ್ಪಾಳೆ ತಟ್ಟಿದೆವು. ಮಗುವಿಗೆಂದು ನಾನು ಉಡುಗೊರೆ ಕೊಟ್ಟ ಬೆಳ್ಳಿಯ ಲೋಟದಲ್ಲೇ ಆ ಗೊರಟೆ ಬೇರು ಬಿಟ್ಟಿತು. ಮಗು ಅದರಲ್ಲಿ ಒಂದು ಗುಟುಕೂ ಕುಡಿಯಲಿಲ್ಲ. ಮರುವರ್ಷ ಸಸಿ ಅಂಗಳಕ್ಕೆ ಇಳಿಯಿತು, ಸರಿಯಾಗಿ ನನ್ನ ಅಡುಗೆಮನೆಯ ಗೋಡೆಯ ಬುಡಕ್ಕೆ.

ನಮ್ಮೂರಿನಲ್ಲಿ ಗೊರಟೆಯಿಂದ ಎದ್ದ ಸಸಿಗೆ ಒಂದೇ ಉಪಯೋಗ: ಬೆರಳುಗಾತ್ರವಾದಾಗ ತಲೆ ಕಡಿದು ಒಳ್ಳೆಯ ತಳಿಯ ಕುಡಿ ಕೂರಿಸುವುದು. ಹಾಗೆಯೇ ಬಿಟ್ಟರೆ ಅದು ಯಾವಾಗ ಕಾಯಿ ಹಿಡಿಯುತ್ತದೋ, ಎಂಥ ಕಾಯಿ ಹಿಡಿಯುತ್ತದೋ ಯಾರೂ ಹೇಳಲಾರರು. ಸುತ್ತಲಿನ ಬೆಟ್ಟಗಳ ತುಂಬ ಇರುವ ತೋಟಗಳಲ್ಲಿ ಕಸಿ ಕಟ್ಟದ ಒಂದು ಮರವನ್ನು ಹುಡುಕಿ ತೋರಿಸಿ ನೋಡೋಣ. ದೊಮಿತಿಲಾಳ ತಮ್ಮ ಗೌದೆನ್ಸಿಯೊ ಆ ತೋಟಗಳಲ್ಲಿ ಅರ್ಧಪಾಲಿಗೆ ಕಸಿ ಕಟ್ಟಿದವನು. ಮರಕ್ಕೆ ಹದಿನೇಳಾದರೂ ಕಾಯಿಯ ಸುಳಿವಿಲ್ಲದಾಗ ಅವನೇ ಚಾಕು ಹಿಡಿದು ಬಂದ. “ಭಾವ, ಒಂದು ಬೆಳಿಗ್ಗೆ ಕೆಲ್ಸ. ತಲೆ ತೆಗ್ದು ಕಸಿ ಕಟ್ಬಿಡ್ತೀನಿ. ಮೂರು ವರ್ಷಕ್ಕೆ ಬುಟ್ಟಿ ತುಂಬುತ್ತೆ.”

“ಆಗ ಅದು ನನ್ನ ಮರ ಅಲ್ಲ,” ಎಂದರು ಇವರು. “ನನ್ನ ಮರದ ಕಾಲ್ಮೇಲೆ ನಿಂತಿರೋ ಬೇರೆಯವ್ರ ಮರ.”

ಗೌದೆನ್ಸಿಯೊ ಚಾಕು ಮಡಚಿಕೊಂಡು ಹೋದವನು ಒಂಬತ್ತು ವರ್ಷ ಆ ಅಂಗಳಕ್ಕೆ ಕಾಲಿಡಲಿಲ್ಲ. ಮರ ಬೆಳೆಯಿತು. ಬೇರು ನನ್ನ ಗೋಡೆಯನ್ನು ಸೀಳಿ ಒಲೆಯ ಹಿಂದೆ ಒಂದು ಬಿರುಕು ಬಿಟ್ಟಿತು, ಎಲೆ ಉದುರಿ ಹೆಂಚಿನ ಮೇಲಿನ ನೀರಿನ ದಾರಿಯೆಲ್ಲ ಕಟ್ಟಿಕೊಂಡಿತು. ದೊಮಿತಿಲಾ ಅದರ ಸೋಂಪಿನ ಘಮದ ಎಲೆಗಳನ್ನು ಹುರುಳಿಕಾಯಿಯ ಬೀಜದ ಸಾರಿಗೆ ಹಾಕುತ್ತಾಳೆ, ಅಷ್ಟೇ ಅದರಿಂದ ಬಂದ ಲಾಭ. ನಾನು ಗೊಣಗಿದ್ದಕ್ಕೆ, ಹೋದ ವರ್ಷದವರೆಗಿನ ಐದು ವರ್ಷ, ಪ್ರತಿ ಡಿಸೆಂಬರಿನಲ್ಲೂ ದೊನ್ ಇಲಾರಿಯೋನ್ ತಾವೇ ಏಣಿ ಹಾಕಿ ಕೊಂಬೆಗಳ ತುದಿಗಳನ್ನು ಸವರುತ್ತಿದ್ದರು. “ನಿಮ್ಮ ಹೆಂಚಿಗೆ ತೊಂದ್ರೆ ಆಗ್ಬಾರ್ದು, ಕೊಮಾದ್ರೆ.” ಆ ಒಂದು ಸೌಜನ್ಯಕ್ಕೆ ಕರಗಿ ನಾನು ಪ್ರತಿ ಸಲವೂ ಜೋಳದ ಹಿಟ್ಟಿನ ಕಡುಬು, ಬಿಸಿ ಬಿಸಿ ತಮಾಲೆ, ಮಾಡಿ ಏಣಿಯ ಬುಡಕ್ಕೇ ಒಯ್ದು ಕೊಟ್ಟಿದ್ದೇನೆ.

ಆ ಐದು ವರ್ಷವೂ ಅಂಪಾರೊಳ ನಿಶ್ಚಿತಾರ್ಥದ ಉಂಗುರ ಅವಳ ಬೆರಳಲ್ಲಿತ್ತು. ಹುಡುಗ ಹೆರಾರ್ದೊ, ಹಣ್ಣು ಪೆಟ್ಟಿಗೆಗೆ ತುಂಬುವ ಕಡೆ ಕೆಲಸ. ದಿನಕ್ಕೆ ಸಾವಿರ ಬೆಣ್ಣೆಹಣ್ಣು ಅವನ ಕೈಯಲ್ಲಿ ಹಾಯುತ್ತದೆ, ಮಾವನಾಗುವವರ ಅಂಗಳದ ಒಂದು ಹಣ್ಣಿಗಾಗಿ ಮದುವೆ ನಿಂತಿದೆ. ಒಂದು ಪೆಟ್ಟಿಗೆ ತಂದು ದಾರದಲ್ಲಿ ಮರಕ್ಕೆ ಕಟ್ಟಿಬಿಡಲೇ ಎಂದು ಅವನು ಕೇಳಿದ್ದನ್ನು ನಾವು ನಕ್ಕು ತಳ್ಳಿಹಾಕಿದೆವು; ಆಮೇಲೆ ಯಾರಿಗೂ ನಗು ಬರಲಿಲ್ಲ. ಹೋದ ವರ್ಷದ ಆರಂಭದಲ್ಲಿ ಅವನಿಗೆ ದೂರದ ಹಾಲಿಸ್ಕೊದ ತೋಟಗಳಲ್ಲಿ ದೊಡ್ಡ ಕೆಲಸ ಸಿಕ್ಕಿತು, ಮಳೆಗಾಲ ಮುಗಿಯುತ್ತಲೇ ಹೊರಡಬೇಕಿತ್ತು. ಅಂಪಾರೊ ಬಂದು ನನ್ನ ಬಿರುಕು ಗೋಡೆಗೆ ಒರಗಿ ಕುಳಿತಳು.

“ಮಾದ್ರೀನಾ,” ಧರ್ಮಮಾತೆಯನ್ನು ನಮ್ಮಲ್ಲಿ ಹಾಗೇ ಕರೆಯುವುದು, “ನಂಗೂ ಇಪ್ಪತ್ತಾರು, ಮರಕ್ಕೂ ಇಪ್ಪತ್ತಾರು. ಇಬ್ರಲ್ಲಿ ಯಾರು ಮೊದ್ಲು ಮುದುಕಿ ಆಗ್ತೀವಿ ಅಂತ ಪಂದ್ಯ ಕಟ್ಟಿದೀವಿ. ಮಳೆ ಮುಗಿದ್ಮೇಲೆ ಅವ್ನು ಕಾಯಲ್ಲ.”

“ಓಡಿಹೋಗು,” ಎಂದೆ. ನಮ್ಮ ಕಡೆ ಅರ್ಧ ಮದುವೆಗಳು ಹಾಗೆಯೇ ಶುರುವಾಗುವುದು.

“ಓಡಿಹೋದ್ರೆ ಅಪ್ಪ ಆ ಮರದ ಕೆಳಗೆ ಕೂತ್ಕೊಂಡು ನಾನು ವಾಪಸ್ ಬರೋದನ್ನೇ ಕಾಯ್ತಾನೆ. ನಂಗೊತ್ತು.”

ಕಾಯಿ ಬಿಡದ ಮರವನ್ನು ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರದಂದು, ಹೆದರಿಸುವುದು ನಮ್ಮ ಹಳೆಯ ಪದ್ಧತಿ. ಮಕ್ಕಳು ಬೀದಿಯಲ್ಲಿ ಸಿಕ್ಕಸಿಕ್ಕವರ ಮೇಲೆ ಬಕೆಟ್ಟುಗಟ್ಟಲೆ ನೀರು ಎರಚುತ್ತಿರುವಾಗ, ಅಂಗಳಗಳ ಒಳಗೆ ಯಜಮಾನ ಮರಕ್ಕೆ ಬೆಲ್ಟಿನಿಂದ ಬಾರಿಸುತ್ತಾನೆ; ಒಬ್ಬ ಕೊಡಲಿ ಎತ್ತಿ ಕಡಿಯುತ್ತೇನೆಂದು ಗದರುತ್ತಾನೆ; ಇನ್ನೊಬ್ಬರು ಓಡಿಬಂದು ಕಾಂಡವನ್ನು ತಬ್ಬಿ, ಬೇಡ, ಬರುವ ವರ್ಷ ಖಂಡಿತ ಕಾಯಿ ಬಿಡುತ್ತದೆ, ನಾನು ಜಾಮೀನು ಎಂದು ಬೇಡುತ್ತಾರೆ. ಮರ ಕೇಳಿಸಿಕೊಳ್ಳುತ್ತದೆ ಎಂಬುದು ನಂಬಿಕೆ. ದೊನ್ ಇಲಾರಿಯೋನ್ ಹೊಡೆಯುವ ಮೊದಲು ಮರದ ಕ್ಷಮೆ ಕೇಳಿ, ಬೆಲ್ಟನ್ನು ಧೂಳು ಕೊಡವುವಷ್ಟು ಹಗುರವಾಗಿ ತಾಗಿಸುತ್ತಿದ್ದರು. ಕೊಡಲಿ ಹಿಡಿಯುತ್ತಿದ್ದವನು ಬೀದಿಯ ಕೊನೆಯ ಕಟುಕ. ಜಾಮೀನು ನಾನು. ನನ್ನ ಗೋಡೆ ಸೀಳಿದ ಮರವನ್ನು ತಬ್ಬಿಕೊಂಡು, ಅದರ ಪರವಾಗಿ ಐದು ವರ್ಷ ಸತತವಾಗಿ ಅಂಗಲಾಚಿದ್ದೇನೆ.

ಹೋದ ವರ್ಷ ಕಟುಕನ ಬದಲು ಅಂಪಾರೊ ತನ್ನ ಸೋದರಮಾವನ ಕಾಲು ಹಿಡಿದು ಗೌದೆನ್ಸಿಯೊನನ್ನೇ ಕರೆತಂದಳು. ನಾನು ಆ ಬೆಳಿಗ್ಗೆ ಹೆಂಚಿನ ಮೇಲಿನ ಕಸ ತೆಗೆಯಲು ಹತ್ತಿದಾಗ ಎಲೆಗಳ ನಡುವೆ ಬಟಾಣಿಯಷ್ಟೇ ಇರುವ ಎಳೆಗಾಯಿಗಳು ಹತ್ತು ಹನ್ನೆರಡು ಸಿಕ್ಕಿದ್ದವು. ಪಾಪ, ಮರ ಪ್ರಯತ್ನವನ್ನಾದರೂ ಮಾಡಿದೆ ಎಂದು ಸಂತೋಷಪಟ್ಟು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಂದು ಗೌದೆನ್ಸಿಯೊನಿಗೆ ತೋರಿಸಿದೆ. ಅವನು ಅಂಗೈಯಲ್ಲಿಟ್ಟು ಹೊರಳಿಸಿದ.

“ಎಲ್ಲಿ ಸಿಕ್ಕಿದ್ವು ಟೀಚರಮ್ಮ?”

“ನನ್ನ ಹೆಂಚಿನ್ಮೇಲೆ. ಗಾಳಿಗೆ ಬಿದ್ದಿರ್ಬೇಕು.”

“ಗಾಳಿಗೆ ಬೀಳೋ ಕಾಯಿ ಹಳದಿ ತಿರುಗಿರುತ್ತೆ, ತೊಟ್ಟು ಒಣಗಿರುತ್ತೆ. ಇವು ಹಚ್ಚಗಿವೆ. ನೋಡಿ, ತೊಟ್ಟಿನ ಎರಡೂ ಕಡೆ ಚಿವುಟಿರೋ ಗುರುತು.” ಅವನು ತಲೆಯೆತ್ತಿ ಕೊಂಬೆಗಳನ್ನು ನೋಡಿದ, ತುಂಬ ಹೊತ್ತು ನೋಡಿದ. “ಈ ತುದಿಗಳನ್ನೆಲ್ಲ ಯಾರು ಸವರಿದ್ದು?”

“ಕೊಂಪಾದ್ರೆ. ಪ್ರತಿ ಡಿಸೆಂಬರ್. ನನ್ನ ಹೆಂಚಿಗೋಸ್ಕರ.”

“ಬೆಣ್ಣೆಹಣ್ಣು ಹೂ ಬಿಡೋದೇ ತುದೀಲಿ, ಟೀಚರಮ್ಮ. ಹೂ ಬರೋಕ್ಮುಂಚೆ ತುದಿ ಕತ್ತರಿಸಿದ್ರೆ ಕಾಯಿ ಎಲ್ಲಿಂದ ಹಿಡಿಯುತ್ತೆ?”

ನನಗೆ ಮೈಯೆಲ್ಲ ಉರಿದುಹೋಯಿತು. ಐದು ಡಿಸೆಂಬರುಗಳ ತಮಾಲೆ ಕಣ್ಣಮುಂದೆ ಬಂತು. ಕತ್ತರಿಗೆ ತಪ್ಪಿಸಿಕೊಂಡು ಹಿಡಿದ ಕಾಯಿಗಳಲ್ಲಿ ಕೈಗೆಟುಕಿದ್ದನ್ನೆಲ್ಲ ಆ ಮನುಷ್ಯ ಏಣಿಯ ಮೇಲೆ ನಿಂತು, ಭೂತಗನ್ನಡಿ ಹಾಕಿಕೊಂಡು, ಗಡಿಯಾರದ ಚಿಮಟದಿಂದ ಒಂದೊಂದಾಗಿ ಕಿತ್ತಿದ್ದರು. ಅಷ್ಟರಲ್ಲಿ ಅವರು ಬೆಲ್ಟು ಹಿಡಿದು, ಕೋಟಿನ ಜೇಬು ಜೋಲಾಡಿಸುತ್ತ ಬಂದು ಮರಕ್ಕೆ ಎರಡು ಪೆಟ್ಟು ತಾಗಿಸಿದರು. ಗೌದೆನ್ಸಿಯೊ ಅಭ್ಯಾಸಬಲದಿಂದ ಕೊಡಲಿ ಎತ್ತಿ, “ಏ ಸೋಮಾರಿ, ಇಪ್ಪತ್ತಾರು ವರ್ಷ ನೀರು ಕುಡ್ದು ಬರೀ ಎಲೆ ಕೊಟ್ಟೆ, ಇವತ್ತು ನಿನ್ನ ಒಲೆಗೆ ಹಾಕ್ತೀನಿ!” ಎಂದು ಗದರಿ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕದಲಲಿಲ್ಲ.

“ನಾನು ಜಾಮೀನು ನಿಲ್ಲಲ್ಲ, ಕೊಂಪಾದ್ರೆ,” ಎಂದೆ, ಅದೂ ಬೀದಿಗೆ ಕೇಳುವಷ್ಟು ಜೋರಾಗಿ. “ಮರದ್ದೇನೂ ತಪ್ಪಿಲ್ಲ. ನಿಮ್ಮ ಚಿಮಟ ಎಲ್ಲಿದೆ?” ಎಳೆಗಾಯಿಗಳನ್ನು ಅವರ ಅಂಗೈಗೆ ಸುರಿದೆ.

ಅವರು ಅವುಗಳಲ್ಲಿ ಒಂದನ್ನು ಎತ್ತಿ, ಯಾರೋ ರಿಪೇರಿಗೆ ಕೊಟ್ಟಿದ್ದಾರೇನೋ ಎಂಬಂತೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಭೂತಗನ್ನಡಿ ತೆಗೆದರು. ಆ ಕಣ್ಣು ಒದ್ದೆಯಾಗಿತ್ತು.

“ಅವಸರ ಏನಿತ್ತು, ಕೊಮಾದ್ರೆ...” ಎಂದರು. ಜೀವಮಾನದಲ್ಲಿ ಮೊದಲ ಸಲ ಅವರನ್ನು ನಿಜಕ್ಕೂ ಯಾರೋ ಅಟ್ಟಿಸಿಕೊಂಡು ಬಂದಿದ್ದರು, ದನಿಯಲ್ಲಿ ಅದು ಗೊತ್ತಾಗುತ್ತಿತ್ತು.

ದೊಮಿತಿಲಾ ಮೆಟ್ಟಿಲ ಮೇಲೆ ಕುಳಿತಳು. “ಲೋಟ ಕಿತ್ಕೊಂಡೆ, ಸುಮ್ನಿದ್ದೆ. ಮಗಳ ಐದು ವರ್ಷಾನೂ ತಗೊಂಡೋಗಿ ಕಿಟಕೀಲಿ ಇಟ್ಯಲ್ಲ, ಇಲಾರಿಯೋನ್.”

ಅಂಪಾರೊ ಕೂಗಾಡಲಿಲ್ಲ. ನಾನಾಗಿದ್ದರೆ ಒರಳನ್ನೇ ಎತ್ತಿ ಹಾಕುತ್ತಿದ್ದೆ. ಅವಳು ತಂದೆಯ ಕೈಯಿಂದ ಬೆಲ್ಟು ತೆಗೆದುಕೊಂಡು ನೆಲಕ್ಕೆ ಬಿಟ್ಟು, “ಮಾವ, ಕೊಡಲಿ ಎತ್ತು,” ಎಂದಳು. “ಅಪ್ಪಾ, ಈ ಸಲ ಜಾಮೀನು ನೀನು ನಿಲ್ಲು.”

ಗೌದೆನ್ಸಿಯೊ ಕೊಡಲಿ ಎತ್ತಿದ. ಈ ಸಲ ಅದು ಆಟದಂತೆ ಕಾಣಲಿಲ್ಲ. ದೊನ್ ಇಲಾರಿಯೋನ್ ಹೋಗಿ ಕಾಂಡವನ್ನು ತಬ್ಬಿದರು. ಎರಡು ಕೈಯ ತೆಕ್ಕೆಗೂ ಅದು ಸಿಗಲಿಲ್ಲ. “ಕಡೀಬೇಡ... ಬರೋ ವರ್ಷ...”

“ಈ ವರ್ಷ,” ಎಂದಳು ಅಂಪಾರೊ. ಚಿಮಟಕ್ಕೆ ಎಟುಕದ ನೆತ್ತಿಯ ಕೊಂಬೆಯ ಕಡೆ ಬೆರಳು ತೋರಿಸಿದಳು; ಅಲ್ಲಿ ಇನ್ನೂ ಹಲವು ಎಳೆಗಾಯಿಗಳಿದ್ದವು.

ಬೀದಿಯಲ್ಲಿ ಮಕ್ಕಳು ಯಾರಿಗೋ ನೀರು ಎರಚಿ ಕಿರುಚಿದರು. ಕೋಟಿನ ಬೆನ್ನು ಒಂದು ಸಲ ಏರಿ ಇಳಿಯಿತು. “ಈ ವರ್ಷ,” ಎಂದರು ಅವರು, ಕೆನ್ನೆಯನ್ನು ತೊಗಟೆಗೆ ಒತ್ತಿಕೊಂಡೇ. “ಮಳೆ ಮುಗಿಯೋದ್ರೊಳಗೆ. ನಾನು ಜಾಮೀನು.”

ಆ ಮಳೆಗಾಲವಿಡೀ ಅವರು ಅಂಗಡಿಯ ಬಾಗಿಲು ಹಾಕಿ, ಅಳಿಲನ್ನೂ ಹಕ್ಕಿಯನ್ನೂ ಓಡಿಸುತ್ತ ಮರದ ಕೆಳಗೆ ಕುಳಿತರು. ಊರಿನ ಗಡಿಯಾರಗಳೆಲ್ಲ ನಿಂತವು. ಸೆಪ್ಟೆಂಬರಿನಲ್ಲಿ ಮೂವತ್ತೇಳು ಹಣ್ಣು ಇಳಿದವು. ಕೋಳಿಮೊಟ್ಟೆಯಷ್ಟು ಗಾತ್ರ, ಕಾಗದದಂಥ ಕಪ್ಪು ಸಿಪ್ಪೆ, ಒಳಗೆ ಮುಕ್ಕಾಲು ಪಾಲು ಗೊರಟೆ. ಮದುವೆಯ ದಿನ ಇನ್ನೂರು ಜನ ಹಸಿದು ಕುಳಿತಿರುವಾಗ ಅವರು ಒಂದೊಂದರ ತೊಟ್ಟೂ ಕಿತ್ತು ಗುಳಿ ನೋಡಿದರು, ಅಜ್ಜಿಯ ಒರಳಿನಲ್ಲಿ ಉಪ್ಪು ಮೆಣಸು ನುರಿದರು, ಜಜ್ಜಿದರು, ಎಲ್ಲರ ತೋರ್ತಿಯಾದ ಅಂಚಿಗೂ ಚಿಟಿಕೆಯಷ್ಟು ತಾವೇ ಇಟ್ಟರು. ನಾನು ತಿಂದೆ. ನಾರು, ನೀರು, ಮೇಲೆ ಒಂದಿಷ್ಟು ಸೋಂಪಿನ ವಾಸನೆ. ಜನ ಹೊಗಳಿದರು. ಗೌದೆನ್ಸಿಯೊ ಅಗಿಯುತ್ತ, “ಕಸಿ ಕಟ್ಟಿದ್ರೆ...” ಎಂದು ಶುರುಮಾಡಿ, ಅಕ್ಕನ ಮುಖ ನೋಡಿ ಉಳಿದದ್ದನ್ನು ನುಂಗಿದ.

ಅಂದು ಆ ಕಂದು ಕೋಟನ್ನು ದೊಮಿತಿಲಾ ತೊಳೆದು, ಜೇಬು ಬರಿದು ಮಾಡಿ, ಇಸ್ತ್ರಿ ಹಾಕಿ ಕೊಟ್ಟಿದ್ದಳು. ಎರಡು ಭುಜವೂ ಸಮವಾಗಿ ನಿಂತ ಆ ಮನುಷ್ಯರನ್ನು ಗುರುತಿಸಲು ನನಗೇ ಒಂದು ಕ್ಷಣ ಬೇಕಾಯಿತು. ಊಟ ಮುಗಿದರೂ ಅವರು ಮೇಜಿನ ಸುತ್ತ ನಡೆಯಲು ಏಳಲಿಲ್ಲ, ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕುಳಿತೇ ಇದ್ದರು. ಆಗ ಮದುಮಗಳು ಎದ್ದಳು. ಬಿಳಿಯ ಲಂಗ ಒಂದು ಕೈಯಲ್ಲಿ ಎತ್ತಿ ಹಿಡಿದು, ಮೇಜಿನಿಂದ ಮೇಜಿಗೆ, ಒರಳಿನ ಬದಿಯಿಂದಲೂ ಬುಟ್ಟಿಯಿಂದಲೂ ಮೂವತ್ತೇಳು ಗೊರಟೆಗಳನ್ನೂ ಹುಡುಕಿ ಆಯ್ದು, ಒಂದನ್ನು ತನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡು, ಉಳಿದದ್ದನ್ನು ತಂದೆಯ ಬಲಜೇಬಿಗೆ ಹಿಡಿಸಿದಷ್ಟು ತುಂಬಿದಳು. ಭುಜ ಮೆಲ್ಲಗೆ ತಗ್ಗಿ ತನ್ನ ಜಾಗಕ್ಕೆ ಬಂತು. ಜೇಬಿಗೆ ಹಿಡಿಸದೆ ಮಿಕ್ಕದ್ದರಲ್ಲಿ ಒಂದು ಈಗ ನನ್ನ ಅಡುಗೆಮನೆಯ ಕಿಟಕಿಯಲ್ಲಿ, ನನ್ನದೇ ಲೋಟದಲ್ಲಿ, ಮೂರು ಕಡ್ಡಿಯ ಮೇಲೆ ಕುಳಿತಿದೆ. ಯಾರು ಇಟ್ಟರೆಂದು ಬೇರೆ ಹೇಳಬೇಕಿಲ್ಲ.

ಇಂಥವರನ್ನು ನಾನು ಈಗ ದೂರದಿಂದಲೇ ಗುರುತು ಹಿಡಿಯಬಲ್ಲೆ. ಬೆಳೆಸುವುದರಲ್ಲಿ ಅವರಿಗಿರುವ ಸುಖ ಕೊಯ್ಯುವುದರಲ್ಲಿ ಇರುವುದಿಲ್ಲ. ಹಣ್ಣು ಕಳಿತ ದಿನ ಅದನ್ನು ಇನ್ನೊಬ್ಬರ ತಟ್ಟೆಗೆ ಇಟ್ಟು ಎದ್ದುಬರಬೇಕೆಂಬುದು ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಆ ಹೆದರಿಕೆಗೆ ಅವರು ತಾಳ್ಮೆ ಎಂದು ಹೆಸರಿಡುತ್ತಾರೆ, ಲೋಕ ಅದನ್ನೇ ಕೊಂಡಾಡುತ್ತದೆ, ಅವರನ್ನು ಪ್ರೀತಿಸುವವರು ಕಾದು ಕಾದು ಸೊರಗುತ್ತಾರೆ. ಯಾರಿಗೂ ಕೇಡು ಬಗೆಯದ ಜನ, ಅದಕ್ಕೇ ಅವರ ಮೇಲೆ ಸಿಟ್ಟು ಮಾಡಿಕೊಂಡು ನಾವೇ ಕೆಟ್ಟವರಾಗುತ್ತೇವೆ. ಬೆಲ್ಟಿಗೆ ಅವರು ಬಗ್ಗುವುದಿಲ್ಲ, ಕೊಡಲಿಗೂ ಬಗ್ಗುವುದಿಲ್ಲ. ಅವರಿಂದ ಕಾಯಿ ಬೇಕಾದರೆ, ಅವರು ಅಪ್ಪಿಕೊಂಡು ಬಿಡದಿರುವ ಆ ಮರಕ್ಕೆ ಅವರ ಬಾಯಿಂದಲೇ ಜಾಮೀನು ಹೇಳಿಸಬೇಕು.